ಕೆಟಲ್‌ವೆಲ್ ಅವರ ಟ್ರಂಕು

೧೮೮೯ನೆಯ ಇಸವಿ ಡಿಸೆಂಬರ್ ಹದಿನೆಂಟು, ಬುಧವಾರ. ಬೆಳಿಗ್ಗೆ ಏಳೂವರೆಯ ಸುಮಾರಿಗೆ ಹಾರೋಸ್ ಕ್ರೀಕ್ ಪೊಲೀಸ್ ಠಾಣೆಯ ಬಾಗಿಲಲ್ಲಿ ಆಂಬ್ರೋಸ್ ಕೆಟಲ್‌ವೆಲ್ ಬಂದು ನಿಂತರು. ಇಪ್ಪತ್ತೊಂದು ವರ್ಷ ಆ ಊರಿನ ಬ್ಯಾಂಕು ನಡೆಸಿದ ಮನುಷ್ಯ. ತಲೆಯ ಮೇಲೆ ಟೋಪಿ ಇರಲಿಲ್ಲ. ಅವರನ್ನು ಟೋಪಿಯಿಲ್ಲದೆ ಬೀದಿಯಲ್ಲಿ ಸಾರ್ಜೆಂಟ್ ಡಿನೀನ್ ಕಂಡದ್ದೇ ಇಲ್ಲ. ಚಹಾದ ಮಗ್ ಕೆಳಗಿಟ್ಟು ಎದ್ದ.

"ನನ್ನ ಟ್ರಂಕು ಹೋಗಿದೆ, ಸಾರ್ಜೆಂಟ್ರೇ."

"ಕೂತ್ಕೊಳ್ಳಿ. ಎಲ್ಲಿತ್ತು?"

"ಬ್ಯಾಂಕಿನ ಹಿಂದಿನ ಜಗಲೀಲಿ. ಇವತ್ತು ಬೆಳಿಗ್ಗೆ ಸಾಮಾನಿನ ಬಂಡಿಗೆ ಹಾಕೋದಿತ್ತು."

"ಕೊನೇ ಸಲ ನೋಡಿದ್ದು?"

"ನಿನ್ನೆ ಸಂಜೆ, ಊಟಕ್ಕೆ ಹೊರಟಾಗ. ಹೋಟೆಲಿಂದ ವಾಪಸು ಬಂದವನು ಮುಂಬಾಗಿಲಿಂದ ಒಳಗೆ ಹೋಗಿ ಮಲಗಿಬಿಟ್ಟೆ."

"ಗುರುತು?"

"ಕಪ್ಪು ಟ್ರಂಕು. ಹಿತ್ತಾಳೆ ಮೂಲೆ. ಅಡ್ಡ ಉದ್ದ ಹಗ್ಗ ಬಿಗಿದಿದ್ದೆ."

"ಅರಗಿನ ಮುದ್ರೆ ಏನಾದ್ರೂ?"

"ಇಲ್ಲ. ಕೆಲಸ ಬಿಟ್ಟ ಮೇಲೆ ಬ್ಯಾಂಕಿನ ಅರಗು ಮುಟ್ಟೋ ಹಕ್ಕು ನನಗೆಲ್ಲಿದೆ?"

"ಒಳಗೇನಿತ್ತು?"

ಕೆಟಲ್‌ವೆಲ್ ಕೋಟಿನ ಜೇಬು ಮುಟ್ಟಿಕೊಂಡರು. "ಹಡಗಿನ ಟಿಕೆಟ್ಟು ಅದರಲ್ಲೇ ಇಟ್ಟೆ. ಜೇಬಿನಲ್ಲಿದ್ರೆ ಕಳೆದುಹೋಗುತ್ತೆ ಅಂತ."

ಡಿನೀನ್ ತಲೆಯೆತ್ತಿ ನೋಡಿದ. ಶುಕ್ರವಾರ ಬೆಳಗಿನ ಕುದುರೆ ಬಂಡಿ ಹಿಡಿದರೆ ಶನಿವಾರದ ಹಡಗು ಸಿಗುತ್ತದೆ. ಅದು ತಪ್ಪಿದರೆ ಇನ್ನೊಂದು ತಿಂಗಳು. ಇಂಗ್ಲೆಂಡಿನ ಜೌಗು ಸೀಮೆಯಲ್ಲಿ ಕೆಟಲ್‌ವೆಲ್‌ಗೆ ಥರ್ಜಾ ಎಂಬ ಅಕ್ಕ ಒಬ್ಬಳೇ ಉಳಿದಿದ್ದಳು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಬೆಳೆಸಿದವಳು. ಈಗ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಎದೆಯಲ್ಲಿ ನೀರು ತುಂಬಿದೆ, ಜೂನಿನ ಬೇಸಿಗೆ ಮುಟ್ಟುವುದು ಕಷ್ಟ ಎಂದು ಅಲ್ಲಿಯ ಪಾದ್ರಿ ತಿಳಿಸಿದ್ದರು. ಊರಿಗೆಲ್ಲ ಈ ವಿಷಯ ಗೊತ್ತಿತ್ತು.

"ಸತ್ತಮೇಲೆ ಹೋಗಿ ನಾನೇನು ನೋಡ್ಲಿ, ಸಾರ್ಜೆಂಟ್ರೇ?" ಎಂದರು ಕೆಟಲ್‌ವೆಲ್.

ಡಿನೀನ್ ದೂರು ಬರೆದುಕೊಂಡು ಸಹಿ ಹಾಕಿಸಿದ. ಜಿಲ್ಲಾ ಕಚೇರಿಗೆ ತಂತಿ ಕೊಟ್ಟ. ಕಾನ್‌ಸ್ಟೇಬಲ್ ವಿಕ್‌ಸ್ಟೀಡನನ್ನು ಕರೆದುಕೊಂಡು ಬ್ಯಾಂಕಿನ ಹಿತ್ತಲಿಗೆ ಹೊರಟ. ಪಂಚರಾಗಿ ಇಬ್ಬರು ಬಂದರು: ಕಮ್ಮಾರ ಟ್ರೆಗೀರ್ ಮತ್ತು ಹೋಟೆಲು ನಡೆಸುವ ಮಿಸೆಸ್ ಪ್ರೌಟ್.

ಕೆಟಲ್‌ವೆಲ್ ಹುಟ್ಟಾ ಬ್ಯಾಂಕಿನವರಲ್ಲ. ಅಪ್ಪ ಹಾವುಮೀನು ಹಿಡಿದು ಮಾರುತ್ತಿದ್ದ. ಇಪ್ಪತ್ತರ ಪ್ರಾಯದಲ್ಲಿ ಹಡಗು ಹತ್ತಿ ಮೊದಲು ಆಸ್ಟ್ರೇಲಿಯಕ್ಕೆ ಹೋದರು. ಅಲ್ಲಿ ಚಿನ್ನ ಅಗೆದು ಬರಿಗೈಯಾಗಿ ಸಮುದ್ರ ದಾಟಿ ಈ ದಕ್ಷಿಣದ ದ್ವೀಪಕ್ಕೆ ಬಂದು, ಎತ್ತಿನ ಬಂಡಿಯಲ್ಲಿ ಗಣಿಗಳಿಗೆ ಹಿಟ್ಟು, ಸಕ್ಕರೆ ಸಾಗಿಸಿದರು. ಅಗೆಯುವವರು ಸಿಕ್ಕ ಚಿನ್ನವನ್ನು ಚರ್ಮದ ಚೀಲಕ್ಕೆ ಹಾಕಿ, ಪೇಟೆ ಮುಟ್ಟಿಸಪ್ಪಾ ಎಂದು ಇವರ ಕೈಗೆ ಕೊಡುತ್ತಿದ್ದರು. ಒಂದು ಕಾಳೂ ಕಮ್ಮಿಯಾಗಲಿಲ್ಲ ಎನ್ನುವ ಮಾತು ಬ್ಯಾಂಕಿನವರ ಕಿವಿಗೆ ಬಿದ್ದು, ಹಾರೋಸ್ ಕ್ರೀಕ್‌ನಲ್ಲಿ ಒಂದು ತಗಡಿನ ಕೋಣೆ ಕೊಟ್ಟು ಕೂರಿಸಿದರು. ಅಗೆದವರ ಚಿನ್ನ ಕೊಂಡು, ಅದರ ಮೇಲೆಯೇ ಮಲಗುವ ಕೆಲಸ ಅದು. ಬ್ಯಾಂಕು ಬಿಟ್ಟು ಒಂದು ರಾತ್ರಿ ಹೊರಗೆ ಇರುವಂತಿಲ್ಲ. ಹಾಗಾಗಿ ಮದುವೆ ಇಲ್ಲ, ನೆಂಟರಿಲ್ಲ. ಊರಲ್ಲಿ ಎಲ್ಲರೂ ಅವರಿಗೆ ಟೋಪಿ ಎತ್ತುತ್ತಿದ್ದರು, ಯಾರೂ ಅವರ ಮನೆಯಲ್ಲಿ ಕೂತು ಊಟ ಮಾಡಿರಲಿಲ್ಲ.

ಟ್ರಂಕು ಇದ್ದ ಜಾಗದಲ್ಲಿ ಧೂಳು ಒರೆಸಿದ ಚೌಕವೊಂದು ಕಾಣುತ್ತಿತ್ತು. ಮೆಟ್ಟಿಲ ಕೆಳಗೆ ಒಂಟಿಚಕ್ರದ ತಳ್ಳುಗಾಡಿಯ ಗುರುತು, ಹಾವು ಹರಿದ ಹಾಗೆ ಸೊಟ್ಟ.

"ಇದು ನಮ್ಮ ಗಾಡೀದೇ," ಎಂದಳು ಮಿಸೆಸ್ ಪ್ರೌಟ್. "ಚಕ್ರ ಅಲ್ಲಾಡುತ್ತೆ. ಈ ಟ್ರೆಗೀರನಿಗೆ ರಿಪೇರಿ ಮಾಡಯ್ಯ ಅಂತ ಈಸ್ಟರಿನಿಂದ ಹೇಳ್ತಿದೀನಿ."

"ರಿಪೇರಿ ಮಾಡಿದ್ರೆ ಇವತ್ತು ಸುಳಿವು ಸಿಗ್ತಿತ್ತಾ?" ಎಂದ ಟ್ರೆಗೀರ್.

ಹಿಂದಿನ ಸಂಜೆ ಅದೇ ಹೋಟೆಲಿನಲ್ಲಿ ಕೆಟಲ್‌ವೆಲ್‌ಗೆ ಬೀಳ್ಕೊಡುಗೆಯ ಊಟ. ಊರಿಗೆ ಊರೇ ಅಲ್ಲಿತ್ತು. ಭೂಮಿಯ ಈ ದಕ್ಷಿಣ ತುದಿಯಲ್ಲಿ ಡಿಸೆಂಬರ್ ಎಂದರೆ ಬೇಸಿಗೆ, ಒಂಬತ್ತರವರೆಗೂ ಬೆಳಕು. ಹಾಡಹಗಲಿನಂಥ ಸಂಜೆಯಲ್ಲಿ ಒಬ್ಬ ಟ್ರಂಕು ತಳ್ಳಿಕೊಂಡು ಹೋದರೂ ನೋಡುವವರು ಬೀದಿಯಲ್ಲಿ ಇರಲಿಲ್ಲ.

"ಊಟಕ್ಕೆ ಬರದೇ ಇದ್ದವರು ಯಾರು?" ಎಂದು ಡಿನೀನ್ ಕೇಳಿದ.

"ಇನ್ಯಾರು, ಗಿಲ್ರೇ," ಎಂದ ಟ್ರೆಗೀರ್. "ಅವನು ಬಂದಿದ್ರೆ ನಾವೇ ಎದ್ದುಹೋಗ್ತಿದ್ವಿ."

ಬೀದಿಯ ಆಚೆ ಬದಿಯ ಪೈಪೋಟಿ ಬ್ಯಾಂಕಿನ ಮ್ಯಾನೇಜರು ಗಿಲ್ರೇ. ಸ್ಕಾಟ್ಲೆಂಡಿನವರು, ಅವರೂ ಒಂಟಿ. ಇಬ್ಬರೂ ಎದುರುಬದುರು ಬಾಗಿಲು ತೆಗೆದು ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ಒಬ್ಬರಿಗೊಬ್ಬರು ಒಂದು ದಿನವೂ ಟೋಪಿ ಎತ್ತಿದವರಲ್ಲ. ಒಬ್ಬರು ಚರ್ಚಿನ ಬಲಗಡೆ ಕೂತರೆ ಇನ್ನೊಬ್ಬರು ಎಡಗಡೆ.

ಆದರೆ ಹಗೆಯವನು ಊರು ಬಿಟ್ಟು ಹೋಗುತ್ತಿದ್ದರೆ ಯಾರಾದರೂ ಅಡ್ಡ ನಿಲ್ಲುತ್ತಾರೆಯೇ? ಹೂ ಹಾಕಿ ಕಳಿಸುತ್ತಾರೆ. ಡಿನೀನ್ ಆ ಹೆಸರನ್ನು ಪಕ್ಕಕ್ಕಿಟ್ಟು, ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಅಲೆಮಾರಿ ರಡ್ಕಿನ್ ಎಂಬವನನ್ನು ಠಾಣೆಗೆ ಕರೆಸಿದ. ತಳ್ಳುಗಾಡಿ ಅವನ ಸುಪರ್ದಿಯಲ್ಲಿತ್ತು.

"ನಿನ್ನೆ ಗಾಡಿ ಯಾರು ತಗೊಂಡ್ರು?"

"ಯಾರೋ ತಗೊಂಡ್ರು, ದೊರೆ. ಸೌದೆ ತರೋಕೆ ಹೋದೆ, ಇರ್ಲಿಲ್ಲ. ಬೆಳಿಗ್ಗೆ ಎದ್ದು ನೋಡ್ತೀನಿ, ಇದೆ."

"ಕಟ್ಟುಕತೆ."

"ಕಟ್ಟೋದಾದ್ರೆ ಚೆನ್ನಾಗಿರೋದು ಕಟ್ತಿದ್ದೆ. ಗಾಡಿ ತೊಳೆದಿಟ್ಟಿದ್ರು ದೊರೆ! ನಾನು ಹುಟ್ಟಿದಾಗಿನಿಂದ ಯಾರೂ ಅದನ್ನ ತೊಳೆದಿಲ್ಲ."

ವಿಕ್‌ಸ್ಟೀಡ್ ನಕ್ಕ. ಡಿನೀನ್ ನಗಲಿಲ್ಲ. ತನಿಖೆ ಮುಗಿಯುವವರೆಗೆ ರಡ್ಕಿನ್ ಒಳಗಿರಲಿ ಎಂದ. "ಊಟ ಕೊಡ್ತೀರಾ?" ಎಂದು ರಡ್ಕಿನ್ ಕೇಳಿದ. ತಣ್ಣನೆಯ ಕುರಿಮಾಂಸ ಎಂದು ತಿಳಿದ ಮೇಲೆ ತಾನೇ ಹೋಗಿ ಒಳಗೆ ಕೂತ.

ಡಿನೀನ್‌ಗೆ ಆ ತೊಳೆದ ಗಾಡಿ ಮನಸ್ಸಿನಿಂದ ಹೋಗಲಿಲ್ಲ. ಕದ್ದವನು ಓಡಬೇಕು. ಎರವಲು ತಂದದ್ದನ್ನು ತೊಳೆದು ಹಿಂದಿರುಗಿಸುವವನು ಎಂಥ ಕಳ್ಳ?

ಬುಧವಾರವೆಲ್ಲ ವಿಕ್‌ಸ್ಟೀಡ್ ಚಕ್ರದ ಗುರುತಿನ ಹಿಂದೆ ನಡೆದ. ಹೊಳೆಯ ದಾರಿಯಲ್ಲಿ ಅದು ಕಲ್ಲಿನ ಮೇಲೆ ಕಳೆದುಹೋಯಿತು. ಗುರುವಾರ ಬೆಳಿಗ್ಗೆ ಇನ್ನೂ ಕೆಳಗೆ ಹುಡುಕಿದಾಗ ಒದ್ದೆ ಮಣ್ಣಿನಲ್ಲಿ ಮತ್ತೆ ಸಿಕ್ಕಿತು. ಗಣಿ ಕಂಪನಿ ಬಿಟ್ಟುಹೋದ ಚಿನ್ನ ಕರಗಿಸುವ ಕುಲುಮೆ ಮನೆ ಅಲ್ಲಿತ್ತು. ಬಾಗಿಲು ಮುಚ್ಚಿತ್ತು, ಬೀಗ ಇರಲಿಲ್ಲ. ಅವನು ಒಳಗೆ ಕಾಲಿಡದೆ ಓಡಿಬಂದು ಹೇಳಿದ. ಡಿನೀನ್ ಪಂಚರನ್ನೂ ಕೆಟಲ್‌ವೆಲ್ ಅವರನ್ನೂ ಕರೆದುಕೊಂಡು ಹನ್ನೊಂದು ಗಂಟೆಗೆ ಅಲ್ಲಿ ಮುಟ್ಟಿದ.

ಟ್ರಂಕು ಕುಲುಮೆಯ ಪಕ್ಕದಲ್ಲಿತ್ತು. ನೆಲದ ಶೀತ ತಾಗದಂತೆ ಕೆಳಗೆ ಎರಡು ಹಲಗೆ, ಮೇಲೆ ಎಣ್ಣೆಬಟ್ಟೆ. ಬೀಗ ಮುಟ್ಟಿರಲಿಲ್ಲ. ಹಗ್ಗದ ಪ್ರತಿ ಗಂಟಿನ ಮೇಲೂ ಹಸಿರು ಅರಗು ಸುರಿದು ಹೆಬ್ಬೆರಳಿನಿಂದ ಒತ್ತಿ ಕೂರಿಸಿದ್ದರು.

ಚಿನ್ನದ ಸೀಮೆಯಲ್ಲಿ ಬದುಕಿದವರಿಗೆ ಆ ಗಂಟು ಹೊಸದಲ್ಲ. ಪರರ ಪೆಟ್ಟಿಗೆ ತನ್ನ ವಶಕ್ಕೆ ಬಂದ ಗಳಿಗೆಯಲ್ಲೇ ಬ್ಯಾಂಕಿನವನು ಹಗ್ಗದ ಗಂಟಿಗೆ ಅರಗು ಹಾಕುತ್ತಾನೆ, ತೆರೆದಿಲ್ಲ ಎನ್ನುವುದಕ್ಕೆ ಸಾಕ್ಷಿ. ಇಪ್ಪತ್ತು ವರ್ಷ ಹಾಗೆ ಮಾಡಿದ ಕೈ, ಕಳ್ಳತನ ಮಾಡುವಾಗಲೂ ಅದನ್ನೇ ಮಾಡಿತ್ತು.

"ಹಸಿರು," ಎಂದ ಟ್ರೆಗೀರ್, ಗುಡ್ಡಕ್ಕೆಲ್ಲ ಕೇಳುವಂತೆ. "ನಾನು ಅವನಿಗೂ ಚಿನ್ನ ಮಾರಿದೀನಿ. ಹಸಿರು ಅರಗು ಗಿಲ್ರೇ ಬ್ಯಾಂಕಿಂದು. ನಾ ಹೇಳ್ಲಿಲ್ವಾ?"

"ಅದು ನಾನು ಹಾಕಿದ್ದು," ಎಂದರು ಕೆಟಲ್‌ವೆಲ್.

ಡಿನೀನ್ ಅವರ ಕಡೆ ತಿರುಗಿದ. "ನಿನ್ನೆ ಮುದ್ರೆ ಇಲ್ಲ ಅಂದ್ರಿ."

"ಮರೆತಿದ್ದೆ."

"ನೀವು? ಮರೆತ್ರಾ?"

ಕೆಟಲ್‌ವೆಲ್ ಹೋಗಿ ಕುಲುಮೆಯ ಕಟ್ಟೆಯ ಮೇಲೆ ಕೂತರು. ಕಟ್ಟೆಯ ಅಂಚು ಅಲ್ಲಿ ನುಣುಪಾಗಿ ಸವೆದಿತ್ತು. ಅದರ ಎದುರಿಗೆ ಇನ್ನೊಂದು ಕಡೆಯೂ ಹಾಗೇ ಸವೆದಿತ್ತು. ಡಿನೀನ್ ಎರಡನ್ನೂ ನೋಡಿದ.

"ದೂರು ವಾಪಸು ತಗೋತೀನಿ, ಸಾರ್ಜೆಂಟ್ರೇ. ಟ್ರಂಕು ಸಿಕ್ತಲ್ಲ."

"ತಂತಿ ಹೋಗಿದೆ. ಪಂಚರು ನೋಡಿದಾರೆ. ಇನ್ನು ಅದು ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ."

ಪಂಚನಾಮೆ ಬರೆದು ಸಹಿ ಹಾಕಿಸಿ, ಟ್ರಂಕನ್ನು ಠಾಣೆಗೆ ಸಾಗಿಸಿ, ಡಿನೀನ್ ಒಬ್ಬನೇ ಗಿಲ್ರೇ ಅವರ ಬ್ಯಾಂಕಿಗೆ ಹೋದ. ಒಳಕೋಣೆಯಲ್ಲಿ ಗಿಲ್ರೇ ಕೋಟು ತೊಟ್ಟು ತಯಾರಾಗಿ ಕೂತಿದ್ದರು.

"ಟ್ರಂಕು ಸಿಕ್ತು," ಎಂದ ಡಿನೀನ್.

"ಒದ್ದೆಯಾಗಿಲ್ಲ ತಾನೆ?"

"ಇಲ್ಲ. ನೀವೇ ಒಯ್ದದ್ದಾ?"

"ನಾನೇ."

"ಯಾಕೆ?"

ಗಿಲ್ರೇ ಕಿಟಕಿಯಾಚೆ ನೋಡಿದರು. ಎದುರಿನ ಬ್ಯಾಂಕಿನ ಬಾಗಿಲಲ್ಲಿ ಹೊಸ ಮ್ಯಾನೇಜರು, ಎಳೆಯ ಹುಡುಗ, ಫಲಕಕ್ಕೆ ಬಣ್ಣ ಬಳಿಸುತ್ತಿದ್ದ.

"ನಾವು ಬಂದ ಹೊಸದರಲ್ಲಿ ಒಂದು ದಿನ ಹೋಟೆಲಲ್ಲಿ ಒಂದೇ ಮೇಜಿಗೆ ಕೂತ್ವಿ. ಇಬ್ಬರೂ ಸೇರಿ ಚಿನ್ನದ ದರ ಇಳಿಸ್ತಾರೆ ಅಂತ ಯಾರೋ ಚಾಡಿ ಹೇಳಿದ್ರು. ಇನ್ನೊಂದು ಸಲ ಮಾತಾಡಿದ್ದು ಕಂಡ್ರೆ ನೌಕರಿ ಇಲ್ಲ ಅಂತ ಎರಡು ಕಡೆಯಿಂದಲೂ ಹುಕುಂ ಬಂತು. ಆವತ್ತಿಂದ ಬೀದೀಲಿ ಹಗೆ. ಭಾನುವಾರ ಸಂಜೆ ಹೊಳೆ ಕಡೆ ಅವನೊಂದು ದಾರಿ, ನಾನೊಂದು ದಾರಿ."

"ಕುಲುಮೆ ಮನೇಲಿ."

"ಚಳಿಗಾಲದಲ್ಲಿ ಬೆಂಕಿ ಹಾಕ್ತಿದ್ವಿ. ಹೆಚ್ಚು ಮಾತೇನಿಲ್ಲ. ಅವನು ಅವರಕ್ಕನ ವಿಷಯ ಹೇಳ್ತಿದ್ದ. ನನಗೆ ಹೇಳೋಕೆ ಯಾರೂ ಇರ್ಲಿಲ್ಲ, ನಾನು ಕೇಳ್ತಿದ್ದೆ."

"ಹೋಗಬೇಡ ಅಂತ ಬಾಯಿಬಿಟ್ಟು ಹೇಳಬಹುದಿತ್ತಲ್ಲ, ಗಿಲ್ರೇ ಸಾಹೇಬ್ರೇ."

"ಹೇಳಿದ್ರೆ ನಿಂತುಬಿಡ್ತಿದ್ದ." ಗಿಲ್ರೇ ಮೊದಲ ಬಾರಿಗೆ ಡಿನೀನನ ಮುಖ ನೋಡಿದರು. "ಅಷ್ಟರಲ್ಲಿ ಆ ಹೆಂಗಸು ಸತ್ತರೆ? ಅವನು ನನ್ನ ಜೊತೆ ಹೇಗೆ ಕೂರ್ತಿದ್ದ? ಕಳ್ಳ ತಡೆದ್ರೆ ಯಾರ ತಪ್ಪೂ ಇಲ್ಲ. ಟಿಕೆಟ್ಟು ಟ್ರಂಕಲ್ಲೇ ಇಡ್ತೀನಿ ಅಂತ ಅವನೇ ಹೇಳಿದ್ದ. ಮುಂದಿನ ಹಡಗಿನವರೆಗೆ, ಒಂದೇ ತಿಂಗಳು. ನಾಲ್ಕು ಭಾನುವಾರ. ಟ್ರಂಕು ಆಮೇಲೆ ಸಿಗೋ ಹಾಗೆ ಮಾಡ್ತಿದ್ದೆ."

"ಅವಳು ಆ ತಿಂಗಳಲ್ಲೇ ಹೋಗಿಬಿಟ್ಟಿದ್ರೆ?"

"ಅದನ್ನ ಯೋಚಿಸಬಾರದು ಅಂತಾನೇ ಗಾಡಿ ತೊಳೀತಾ ಕೂತಿದ್ದೆ."

ಮಧ್ಯಾಹ್ನ ಎರಡು ಗಂಟೆಗೆ ದಸ್ತಗಿರಿ ಆಯಿತು. ರಡ್ಕಿನ್‌ನನ್ನು ಬಿಟ್ಟರು. ಅವನು ಸಂಜೆಯ ಊಟ ಮುಗಿಸಿಯೇ ಹೋಗುತ್ತೇನೆ ಎಂದು ಹಟ ಹಿಡಿದ.

ನಾಲ್ಕು ಗಂಟೆಗೆ ಕೆಟಲ್‌ವೆಲ್ ಠಾಣೆಗೆ ಬಂದರು. ಡಿನೀನ್ ಲಾಕಪ್ಪಿನ ಬಾಗಿಲು ತೆರೆದ. ಇಬ್ಬರೂ ಒಂದೇ ಹಲಗೆಯ ಮೇಲೆ ಕೂತರು.

"ಮುಠ್ಠಾಳ," ಎಂದರು ಕೆಟಲ್‌ವೆಲ್.

"ಹೌದು," ಎಂದರು ಗಿಲ್ರೇ.

"ನಾನೇ ನಿನ್ನ ಕೈಗೆ ಕೊಟ್ಟಿದ್ದೆ ಅಂತ ಹೇಳಿಕೆ ಕೊಡ್ತೀನಿ. ಜೋಪಾನಕ್ಕೆ ಕೊಟ್ಟಿದ್ದೆ, ಮರೆತು ದೂರು ಕೊಟ್ಟೆ. ಸೋಮವಾರ ಕೋರ್ಟಿಗೂ ಬರ್ತೀನಿ. ಹಡಗು ಹೋದ್ರೆ ಹೋಗಲಿ."

"ನಿನ್ನ ಬ್ಯಾಂಕಿನವರು ಏನು ಕೇಳ್ತಾರೆ ಗೊತ್ತಾ? ಎದುರಾಳಿಗೆ ಟ್ರಂಕು ಕೊಡೋಷ್ಟು ಸ್ನೇಹ ಯಾವಾಗಿಂದ ಅಂತ. ಇಪ್ಪತ್ತೊಂದು ವರ್ಷದಿಂದ ಅಂತೀಯ? ಪಿಂಚಣಿ ಕೊಡ್ತಾರಾ ಆಮೇಲೆ? ಬರಿಗೈಲಿ ಹೋಗಿ ಆ ಕುರುಡಿಗೆ ಏನು ತಿನ್ನಿಸ್ತೀಯ?"

"ನಿನಗೆ ಜೈಲು ಆಗುತ್ತೆ, ನೌಕರೀನೂ ಹೋಗುತ್ತೆ."

"ನನ್ನದು ಹೇಗೂ ಹೋಯ್ತು. ಎರಡೂ ಯಾಕೆ ಹೋಗಬೇಕು?" ಗಿಲ್ರೇ ಬಾಗಿಲ ಕಡೆ ತಿರುಗಿದರು. "ಸಾರ್ಜೆಂಟ್ರೇ, ಬರ್ಕೊಳ್ಳಿ. ಹಳೇ ಹಗೆ ಇತ್ತು. ಸುಖವಾಗಿ ಊರಿಗೆ ಹೋಗ್ತಿದಾನೆ ಅಂತ ಹೊಟ್ಟೆಕಿಚ್ಚು. ಅದಕ್ಕೇ ಕದ್ದೆ."

"ನೀವು ಬ್ಯಾಂಕಲ್ಲಿ ಹೇಳಿದ್ದು ಬೇರೆ."

"ಅಲ್ಲಿ ನೀವು ಬರ್ಕೊಂಡಿರ್ಲಿಲ್ಲ."

ನಿಜ. ಆ ಕೋಣೆಯಲ್ಲಿ ಡಿನೀನ್ ಪೆನ್ಸಿಲು ಹೊರಗೆ ತೆಗೆದಿರಲಿಲ್ಲ. ಅವನು ಕೆಟಲ್‌ವೆಲ್ ಅವರ ಮುಖ ನೋಡಿದ. ಅವರು ಬೇಡ ಎಂದು ತಲೆಯಾಡಿಸುತ್ತಿದ್ದರು. ಗಿಲ್ರೇ ಸ್ನೇಹಿತನ ತೋಳು ಹಿಡಿದು ಎಬ್ಬಿಸಿದರು. "ಹೋಗು, ಆಂಬ್ರೋಸ್. ನಿಮ್ಮಕ್ಕ ಕಾಯ್ತಿದಾಳೆ. ಮತ್ತೆ ಬಾಗಿಲು ದಾಟೋವಾಗ ಮುಖ ಗಂಟಿಕ್ಕು. ಹೊರಗೆ ಟ್ರೆಗೀರ್ ನಿಂತಿದಾನೆ."

ಗಿಲ್ರೇ ಹೇಳಿದ ಹಾಗೆಯೇ ಡಿನೀನ್ ಬರೆದುಕೊಂಡ.

ಶುಕ್ರವಾರ ಬೆಳಿಗ್ಗೆ ಟ್ರಂಕಿನ ತೂಕ, ಗುರುತು ದಾಖಲಿಸಿಕೊಂಡು, ಒಂದು ಗಂಟನ್ನು ಅರಗಿನ ಸಮೇತ ಸಾಕ್ಷ್ಯಕ್ಕೆ ಕತ್ತರಿಸಿಟ್ಟು, ಉಳಿದದ್ದನ್ನು ವಾರಸುದಾರರಿಗೆ ಒಪ್ಪಿಸಿದರು. ಕೆಟಲ್‌ವೆಲ್ ಬಂಡಿ ಹತ್ತಿದರು. ಊರವರು ಜಯಕಾರ ಹಾಕಿದರು.

ಸೋಮವಾರ ಮ್ಯಾಜಿಸ್ಟ್ರೇಟರ ಮುಂದೆ ಗಿಲ್ರೇ ತಪ್ಪೊಪ್ಪಿಕೊಂಡರು. ಮೂರು ತಿಂಗಳು ಸಜೆ ಆಯಿತು. ಇಂಥ ಸ್ಥಾನದಲ್ಲಿದ್ದವನಿಗೆ ಇಂಥ ದ್ವೇಷ ಶೋಭಿಸುವುದಿಲ್ಲ ಎಂದು ಮ್ಯಾಜಿಸ್ಟ್ರೇಟರು ಉಗಿದರು. ಗಿಲ್ರೇ ತಲೆ ಬಾಗಿಸಿ ಕೇಳಿಸಿಕೊಂಡರು.

ಅಂದು ಮಧ್ಯಾಹ್ನ ಹೋಟೆಲಿನಲ್ಲಿ ಬೇರೆ ಮಾತಿರಲಿಲ್ಲ. ಟ್ರೆಗೀರ್ ತಾನು ಮೊದಲೇ ಹೇಳಿದ್ದೆ ಎನ್ನುವುದನ್ನು ಬಂದವರಿಗೆಲ್ಲ ಹೇಳುತ್ತಿದ್ದ. ಮಿಸೆಸ್ ಪ್ರೌಟ್ ಡಿನೀನನ ಮುಂದೆ ಚಹಾ ಇಟ್ಟಳು.

"ಅಲ್ಲಾ ಸಾರ್ಜೆಂಟ್ರೇ, ಒಬ್ಬ ಮನುಷ್ಯನ ಮೇಲೆ ಅಷ್ಟು ವರ್ಷ ಹಗೆ ಇಟ್ಕೊಂಡು ಹೇಗೆ ಬದುಕ್ತಾರೆ? ಎದೆ ಒಣಗಿಹೋಗಲ್ವಾ?"

"ನನಗೇನು ಗೊತ್ತಮ್ಮ," ಎಂದ ಡಿನೀನ್. ಚಹಾ ಅರ್ಧಕ್ಕೇ ಬಿಟ್ಟು, ಕೈದಿಗೆ ಊಟ ಒಯ್ಯುವ ಹೊತ್ತಾಯಿತು ಎಂದು ಎದ್ದ. ಊಟ ಒಯ್ಯುವುದು ವಿಕ್‌ಸ್ಟೀಡನ ಕೆಲಸ ಎಂದು ಯಾರೂ ಹೇಳಲಿಲ್ಲ.