ತಡೆದ ಕರೆಗಳ ಪಟ್ಟಿ

"ಮನುಷ್ಯತ್ವ ಇದೆಯೇನ್ರೀ ನಿಮಗೆ? ಇನ್ನೊಂದ್ಸಲ ಫೋನ್ ಮಾಡಿದ್ರೆ ನೋಡಿ!"

ರಿಸೀವರ್ ಕುಕ್ಕಿ ತಿರುಗಿದರೆ, ಅವಳೇ ಬರಹೇಳಿದ್ದ ಟೆಲಿಫೋನ್ ಮೆಕ್ಯಾನಿಕ್ ಬಾಗಿಲಲ್ಲಿ ಕಕ್ಕಾಬಿಕ್ಕಿಯಾಗಿ ನಿಂತಿದ್ದ.

"ಅದು ರೆಕಾರ್ಡ್ ಮಾಡಿದ ದನಿ, ಮೇಡಂ. ಎಷ್ಟು ಬೈದ್ರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ."

"ಬೈಯೋಕೆ ಈ ಮನೇಲಿ ಬೇರೆ ಯಾರಿದ್ದಾರೆ?"

ಅಂದವಳೇ ನಾಲಿಗೆ ಕಚ್ಚಿಕೊಂಡಳು.

ಬಟ್ಟೆ ಹೊಲಿದು ಬದುಕುವವಳು ಅವಳು. ವಿಮೆ, ಸೈಟು, ನೀರಿನ ಫಿಲ್ಟರು... ದಿನಕ್ಕೆ ಹತ್ತು ಕರೆ! ಪ್ರತಿ ಸಲವೂ ಮಷಿನ್ ನಿಲ್ಲಿಸಿ ಎದ್ದೆನೋ ಬಿದ್ದೆನೋ ಎಂದು ಓಡುತ್ತಿದ್ದಳು. ಮೂರು ವರ್ಷದ ಹಿಂದೆ ವಿಚ್ಛೇದನ ಪಡೆದು ಹೋದ ಗಂಡ, "ಮಾತಾಡ್ಬೇಕು ಅನ್ನಿಸಿದ್ರೆ ನಾನೇ ಫೋನ್ ಮಾಡ್ತೀನಿ" ಎಂದಿದ್ದ. ಆ ಒಂದು ಮಾತು ಅವಳನ್ನು ಓಡಿಸುತ್ತಿತ್ತು. ಹಾಳು ಆಸೆ!

ಮೆಕ್ಯಾನಿಕ್ ಫೋನಿಗೆ ಪುಟ್ಟ ಪೆಟ್ಟಿಗೆಯೊಂದನ್ನು ಜೋಡಿಸಿದ. ಇನ್ನು ಅದರಲ್ಲಿ ಸೇರಿಸಿದ ನಂಬರುಗಳಿಗೆ ಮಾತ್ರ ಫೋನ್ ರಿಂಗಾಗುತ್ತದೆ.

"ಮೊದಲು ಯಾರ ನಂಬರ್ ಹಾಕ್ಲಿ?"

"ನನ್ನ ಗಂಡ... ಹಿಂದೆ ಗಂಡ ಆಗಿದ್ದವರದು."

ಅವನು ಅದನ್ನು ಮೊದಲು ಸೇರಿಸಿ, ಬಟ್ಟೆ ಕೊಡುವವರ ನಂಬರುಗಳನ್ನೂ ಹಾಕಿದ.

ಆಮೇಲೆ ಪೆಟ್ಟಿಗೆ ನೋಡುವ ನೆಪದಲ್ಲಿ ಎರಡು ಸಲ ಬಂದ. ಅವಳ ಮೊಂಡು ಕತ್ತರಿಗೆ ಸಾಣೆ ಹಿಡಿಸಿ ತಂದುಕೊಟ್ಟ. ಅವಳು ನಕ್ಕಾಗ ಕಣ್ಣು ತಗ್ಗಿಸಿದ.

ತಿಂಗಳಾಯಿತು. ಬಟ್ಟೆ ಕೊಟ್ಟವರದು ಬಿಟ್ಟರೆ ಒಂದು ಕರೆಯೂ ಇಲ್ಲ. ಅವಳ ತಲೆಯೊಳಗೆ ಅನುಮಾನದ ಹುಳು ಹೊಕ್ಕಿತು. ಅವನನ್ನು ಕರೆಸಿಯೇಬಿಟ್ಟಳು.

"ಅವರ ನಂಬರನ್ನೂ ಬೇಕಂತಲೇ ತಡೆದಿದ್ದೀರಿ, ಅಲ್ವಾ? ನಿಮ್ಮ ಮನಸ್ಸಲ್ಲಿ ಏನಿದೆ ಅಂತ ನನಗೆ ಗೊತ್ತಾಗಲ್ವಾ?"

ಅವನ ಮುಖ ಕಪ್ಪಿಟ್ಟಿತು. ಪೆಟ್ಟಿಗೆಯ ಬಟನ್ ಒತ್ತಿ ಪಟ್ಟಿ ತೋರಿಸಿದ. ಗಂಡನ ನಂಬರಿಗೆ ಯಾವ ತಡೆಯೂ ಇರಲಿಲ್ಲ. ತಡೆದ ಮುನ್ನೂರು ಕರೆಗಳಲ್ಲಿ ಹುಡುಕಿದರೂ ಅದು ಸಿಗಲಿಲ್ಲ.

ಅಂದರೆ ಅವರು ಫೋನ್ ಮಾಡಿಯೇ ಇಲ್ಲ... ಮೂರು ವರ್ಷ ನನ್ನನ್ನು ಕರೆದದ್ದು ಬರೀ ಯಂತ್ರಗಳು!

ಅವಳಿಗೆ ಅಳುವೂ ಬರಲಿಲ್ಲ. ಬಾಯೆಲ್ಲ ಕಹಿಯಾಯಿತು.

ಪಟ್ಟಿಯಲ್ಲಿ ಒಂದು ನಂಬರ್ ಮಾತ್ರ ದಿನಾ ಸಂಜೆ ಆರಕ್ಕೆ ಬಂದಿತ್ತು.

"ಇದ್ಯಾವ ಕಂಪನಿ?"

"ಕಂಪನಿ ಅಲ್ಲ... ನಂದು."

"ರಿಂಗಾಗಲ್ಲ ಅಂತ ಗೊತ್ತಿತ್ತಲ್ಲ ನಿಮಗೆ!"

"ರಿಂಗಾಗಿದ್ರೆ ಅವರೇ ಅಂದ್ಕೊಂಡು ಓಡಿ ಬರ್ತಿದ್ರಿ. ನನ್ನ ದನಿ ಕೇಳಿ ನಿಮಗೆ ನಿರಾಸೆ ಆಗೋದು... ಅದನ್ನ ತಡ್ಕೊಳ್ಳೋಕೆ ನನ್ನಿಂದ ಆಗ್ತಿರ್ಲಿಲ್ಲ."

ಅವಳು ಪೆಟ್ಟಿಗೆಯನ್ನು ಅವನತ್ತ ತಳ್ಳಿದಳು.

"ಅವರ ನಂಬರ್ ತೆಗೆದುಬಿಡಿ."

"ನಾನು ಮುಟ್ಟಲ್ಲ. ನಾಳೆ ನನ್ನ ಮೇಲೇ ಸಿಟ್ಟು ಬರುತ್ತೆ. ನೀವೇ ತೆಗೀರಿ."

ಅವಳೇ ಬಟನ್ ಒತ್ತಿ ತೆಗೆದಳು. ಆ ಜಾಗದಲ್ಲಿ ಅವನ ನಂಬರನ್ನು ಕೇಳಿ ಕೇಳಿ ಸೇರಿಸಿದಳು.

"ನಾಳೆ ಆರಕ್ಕೆ ಮಾಡಿ. ಆದ್ರೆ ನಾನು ಓಡಿ ಬರಲ್ಲ. ಓಡಿ ಓಡಿ ಸಾಕಾಗಿದೆ ನನಗೆ."

"ನಿಧಾನಕ್ಕೇ ಬನ್ನಿ," ಎಂದ ಅವನು. "ನಾನು ಫೋನ್ ಇಟ್ಟುಬಿಡಲ್ಲ."