ಖಾಲಿ ಹೋಲ್ಡರ್

ಹಳೇ ದೊಡ್ಡ ಕ್ಯಾಮೆರಾಗೆ ಅಗ್ಗದ ಎಕ್ಸ್-ರೇ ಫಿಲ್ಮ್ ಕತ್ತರಿಸಿ ಹಾಕಿ, ತುಮಕೂರಿನ ನಮ್ಮ ಬಚ್ಚಲಲ್ಲೇ ತೊಳೆಯುವುದು ನನ್ನ ಹುಚ್ಚು.

ಹೋದ ತಿಂಗಳು ಚೇಳೂರಿನ ಬೀದಿಯಲ್ಲಿ ಕ್ಯಾಮೆರಾ ನಿಲ್ಲಿಸಿದ್ದಾಗ ಸಂಗಮೇಶ್ ಎಂಬಾತ ಬಂದು ಮನೆಗೆ ಕರೆದ. ಅವನ ತಾಯಿ ಗಂಗಾಂಬಿಕೆ ತೀರಿಕೊಂಡಿದ್ದರು. ವಿಭೂತಿ ಹಚ್ಚಿ, ಸೇವಂತಿಗೆ ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದ್ದರು.

“ಇಂಥ ಕ್ಯಾಮೆರಾದಲ್ಲಿ ಒಂದು ಫೋಟೊ ತೆಗೆಸ್ಕೋಬೇಕು ಅಂತ ಅವ್ವ ಸಾಯೋವರ್ಗೂ ಅಂತಿದ್ಲು ಸಾರ್.”

ನನ್ನ ಬಳಿ ಒಂದೇ ಶೀಟ್ ಫಿಲ್ಮ್ ಉಳಿದಿತ್ತು. ನನ್ನ ಜಿಪುಣತನಕ್ಕೆ ಬೆಂಕಿ ಬೀಳ, ಫಿಲ್ಮ್ ಇಡದ ಖಾಲಿ ಹೋಲ್ಡರ್ ಕ್ಯಾಮೆರಾಗೆ ಸಿಕ್ಕಿಸಿ ಶಟರ್ ಒತ್ತಿದೆ. ಮಾರನೇ ದಿನ ಫೋನ್ ಮಾಡಿ, ಫಿಲ್ಮ್ ಕೆಟ್ಟುಹೋಯಿತು ಎಂದೆ.

ಹಾಗೆ ಉಳಿಸಿದ ಶೀಟಿನಲ್ಲಿ ಕಳೆದ ಭಾನುವಾರ ಮಧ್ಯಾಹ್ನ ನನ್ನ ಹೆಂಡತಿ ಸುಮನಾಳ ಫೋಟೊ ತೆಗೆದೆ. ಅವಳು ಕಣ್ಣರಳಿಸಿ ನಗುತ್ತಿದ್ದಳು.

ಬಚ್ಚಲ ಕಿಟಕಿ ಮುಚ್ಚಿ, ಕೆಂಪು ಬಲ್ಬಿನ ಕೆಳಗೆ ಟ್ರೇ ಅಲ್ಲಾಡಿಸುತ್ತಿದ್ದಾಗ ಫಿಲ್ಮ್ ತೊಳೆಯುವ ಡೆವಲಪರ್ ದ್ರಾವಣ ಬೆರಳು ಮರಗಟ್ಟುವಷ್ಟು ತಣ್ಣಗಾಯಿತು. ಬಾಡಿದ ಸೇವಂತಿಗೆಯ ವಾಸನೆ ಬಂತು. ನೆಗೆಟಿವ್‌ನಲ್ಲಿ ಬಿಳಿಯದೆಲ್ಲ ಕಪ್ಪಾಗಿ ಮೂಡುತ್ತದೆ. ಸುಮನಾಳ ಹಣೆಯ ಮೇಲೆ ಮೂರು ಕಪ್ಪು ಗೆರೆಗಳು ಮೂಡಿದ್ದವು. ಕಣ್ಣು ಮುಚ್ಚಿದ್ದವು.

ಅದನ್ನು ಅಲ್ಲೇ ಕತ್ತರಿಯಿಂದ ಚೂರು ಚೂರು ಮಾಡಿ ಹೊರಗೆ ಓಡಿ ಬಂದೆ. ಸುಮನಾ ಗೋಡೆಗೆ ಒರಗಿ ಕೂತು ಒದ್ದೆ ಬಟ್ಟೆಯಿಂದ ಹಣೆ ಉಜ್ಜಿಕೊಳ್ಳುತ್ತಿದ್ದಳು.

“ಏನ್ರೀ ಇದು, ಎಷ್ಟು ಒರೆಸಿದ್ರೂ ಹೋಗ್ತಾನೇ ಇಲ್ಲ.”