ನೆಲ್ಲಿತೋಪಿನವರು ಕೊಟ್ಟ ಕೈ

ಬಹಳ ಹಿಂದೆ ಒಡಲೂರು ಅಂತ ಒಂದು ರಾಜ್ಯವಿತ್ತು. ಅಲ್ಲಿ ಲೆಕ್ಕವಿಲ್ಲದಷ್ಟು ಪುಟ್ಟ ಮನೆಗಳು, ಮನೆಗೊಂದು ಒಲೆ. ಒಲೆ ಉರಿದರೇ ಊರಿಗೆ ಉಸಿರು. ಆದರೆ ಉರಿದಾಗೆಲ್ಲ ಸಿಡಿದ ಕಿಡಿ ಒಂಟಿಗೈಯ ರಕ್ಕಸನಾಗಿ ಏಳುತ್ತಿತ್ತು. ಅವನು ಸಿಕ್ಕಿದವರ ಕೈ ಕಿತ್ತುಕೊಳ್ಳುವನು. ಕೈ ಹೋದವನೂ ರಕ್ಕಸನಾಗಿ ಪಕ್ಕದವನ ಮೇಲೆ ಬೀಳುವನು. ಹೀಗೇ ಸಾಲು ಸಾಲು ಮನೆ ಹಾಳು.

ಊರು ಕಾಯುತ್ತಿದ್ದವರು ಕೋಟೆಯಾಚೆಯ ನೆಲ್ಲಿತೋಪಿನವರು. ದಿನಾ ಬೆಳಗ್ಗೆ ಒಳಗೆ ಬಂದು, ರಕ್ಕಸ ಎದುರಾದರೆ ತಾವಾಗಿ ಒಂದು ಕೈ ಕೊಡುವರು. ಜೋಡಿ ಸಿಕ್ಕಿದ್ದೇ ರಕ್ಕಸ ನೀರಾಗಿ ಹರಿದುಹೋಗುವನು. ಕೊಟ್ಟವರು ಮಾತ್ರ ಯಾರ ಕೈಯನ್ನೂ ಕೀಳುವವರಲ್ಲ. ತಮ್ಮವರೊಬ್ಬರು ಕೈ ಕೊಟ್ಟರೆ ಸರಿಹೋಗುವರು, ಎರಡೂ ಹೋದರೆ ಪುಡಿಯಾಗಿ ಉದುರುವರು. ಅವರಿಗೊಂದು ಲೋಟ ಮಜ್ಜಿಗೆ ಕೊಟ್ಟವರಿಲ್ಲ, ಬಿಡಿ.

ರಾಜ ಭೋಗಸೇನನದು ಹಿತ್ತಾಳೆ ಕಿವಿ. ಗದ್ದುಗೆಯ ಮೇಲೆ ಕಣ್ಣಿಟ್ಟಿದ್ದ ಮಾಂತ್ರಿಕ ಧೂಮಕೇಶ ಹೊಗೆಮಡಕೆ ಹಿಡಿದು ಬಂದ.

"ಪ್ರಭು, ಒಲೆ ಇನ್ನೂ ಜೋರಾಗಿ ಉರಿಸಿ. ರಕ್ಕಸರು ಬರುವುದು ಹೊರಗಿನಿಂದ. ಬಾಗಿಲು ಹಾಕಿಸಿ."

ಪುಣ್ಯಾತ್ಮ ಹಾಕಿಸಿಯೇಬಿಟ್ಟ. ಒಳಗೆ ಉಳಿದ ನೆಲ್ಲಿತೋಪಿನವರು ಇಬ್ಬರೇ, ದ್ಯಾವಕ್ಕ ಮತ್ತು ಅವಳ ತಮ್ಮ ಸಣ್ಣೀರ. ಅವಳಿಗೆ ಲೋಕದಲ್ಲಿ ಇದ್ದವನು ಅವನೊಬ್ಬನೇ.

ಮೊದಲನೆಯ ದಿನ ಹೊಗೆಮಡಕೆಯಿಂದ ಎದ್ದ ರಕ್ಕಸ ಮನೆಗಳ ಗೋಡೆಗೆ ಕೈ ಹಾಕಿದ. ಸಣ್ಣೀರ ತನ್ನ ಕೈ ಕೊಟ್ಟ. ದ್ಯಾವಕ್ಕ ತನ್ನದೊಂದನ್ನು ತಮ್ಮನಿಗೆ ಜೋಡಿಸಿದಳು.

"ಬೇಡಕ್ಕ."

"ಸುಮ್ನಿರು. ನಿಂಗಲ್ದೆ ಇನ್ಯಾರಿಗೆ ಕೊಡ್ಲಿ?"

ಎರಡನೆಯ ದಿನ ರಕ್ಕಸ ಮನೆಯೊಳಗೆ ದುಡಿಯುವ ಆಳುಗಳ ಮೇಲೆ ಬಿದ್ದ. ಸಣ್ಣೀರ ಮತ್ತೆ ಕೊಟ್ಟ. ಈಗ ಇಬ್ಬರಿಗೂ ಒಂದೊಂದೇ ಕೈ. ದ್ಯಾವಕ್ಕ ಹೆಬ್ಬಾಗಿಲಿಗೆ ಓಡಿದಳು.

"ಅಣ್ಣಾ, ನಮ್ಮೋರು ಆಚೆ ನಿಂತವ್ರೆ. ಬಾಗ್ಲು ತೆಗಿ. ಇಲ್ದಿದ್ರೆ ನನ್ ತಮ್ಮ ಉಳಿಯಲ್ಲ."

ಕಾವಲಿನವನು ಅವಳ ತೋಳು ನೋಡಿದ. "ಒಂದೇ ಕೈ. ನೀನೂ ಕಿತ್ಕೊಳ್ಳೋಳೇ. ಹೋಗಾಚೆ."

"ನಾನು ಕೊಟ್ಟೋಳು, ಕಿತ್ಕೊಂಡೋಳಲ್ಲ."

ಬಾಗಿಲು ತೆಗೆಯಲಿಲ್ಲ. ಆ ದಡ್ಡನನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮೂರನೆಯ ದಿನ ಧೂಮಕೇಶ ತಾನೇ ರಕ್ಕಸನನ್ನು ಓಲೆಮನೆಗೆ ಕರೆತಂದ. ಅಲ್ಲಿಯ ಓಲೆ ಓದಿಯೇ ಊರಿನ ಹೊಸ ಮನೆಗಳನ್ನು ಕಟ್ಟುವುದು. ಅದು ಕೆಟ್ಟರೆ ಮುಂದೆ ಕಟ್ಟುವುದೆಲ್ಲ ಕೆಟ್ಟಂತೆ. ದ್ಯಾವಕ್ಕ ಮುಂದೆ ನುಗ್ಗಿದಳು. ಸಣ್ಣೀರ ಅಡ್ಡ ನಿಂತ.

"ನೀನಾದ್ರೂ ಉಳಿ ಅಕ್ಕ" ಅಂದು ಇದ್ದೊಂದು ಕೈಯನ್ನೂ ಕೊಟ್ಟ.

ರಕ್ಕಸ ನೀರಾದ. ಆ ನೀರು ನುಗ್ಗಿ ಹೊಗೆಮಡಕೆ ಆರಿತು, ಧೂಮಕೇಶ ಮಸಿಯಾಗಿ ಕೊಚ್ಚಿಹೋದ. ಸಣ್ಣೀರ ಅಕ್ಕನ ಮಡಿಲಲ್ಲಿ ಪುಡಿಯಾಗಿ ಉದುರಿದ. ಅವಳು ಒಂದೇ ಕೈಯಲ್ಲಿ ಎಷ್ಟು ಬಾಚಿಕೊಂಡರೂ ಬೆರಳ ಸಂದಿಯಲ್ಲಿ ಸೋರಿಹೋದ.

ಆಮೇಲೆ ರಾಜನಿಗೆ ಬುದ್ಧಿ ಬಂತು. ಬಾಗಿಲು ತೆಗೆಸಿದ, ತೋಪಿನವರು ಒಳಗೆ ಬಂದರು, ಉಳಿದ ರಕ್ಕಸರೆಲ್ಲ ನೀರಾದರು. ತುಂಬಿದ ಸಭೆಯಲ್ಲಿ ರಾಜ ದ್ಯಾವಕ್ಕನನ್ನು ಕರೆದು ಒಂದು ಜೊತೆ ಚಿನ್ನದ ಕಡಗ ಹಿಡಿದ.

"ನಿನ್ನ ತಮ್ಮನ ಸಾಹಸ ಕೇಳಿದೆ. ಇವನ್ನು ಅವನ ಕೈಗೆ ನೀನೇ ತೊಡಿಸು."

"ಯಾವ ಕೈಗೆ, ಬುದ್ಧಿ?"

ರಾಜ ಮಂತ್ರಿಯ ಮುಖ ನೋಡಿದ, ಮಂತ್ರಿ ನೆಲ ನೋಡಿದ. ಓಲಗದವರು ಊದತೊಡಗಿದರು.

ಅಂದಿನಿಂದ ಒಡಲೂರಿನವರೆಲ್ಲ ಸುಖವಾಗಿದ್ದರು. ತೋಪಿನವರೊಬ್ಬರು ತಮ್ಮದೊಂದು ಕೈಯನ್ನು ದ್ಯಾವಕ್ಕನಿಗೆ ಜೋಡಿಸಿದರು. ಮರುದಿನ ಬೆಳಗ್ಗೆ ಅವಳೂ ಎಲ್ಲರ ಜೊತೆ ಊರೊಳಗೆ ಬಂದಳು. ಬರದೆ ಏನು ಮಾಡುತ್ತಾಳೆ, ಒಲೆಗಳು ಉರಿಯುತ್ತಿದ್ದವಲ್ಲ.